ಚಳಿಗಾಲದಲ್ಲಿ ಸಮುದ್ರಕ್ಕಿಳಿದು ದೊಡ್ಡ ಟ್ರೌಟ್ ಹುಡುಕುವುದೇಕೆ? ಟೆಕ್ಸಸ್ ಕರಾವಳಿಯ ಗಾಳದ ಲೆಕ್ಕಾಚಾರ

ಟೆಕ್ಸಸ್‌ನಲ್ಲಿ ನೆಂಟರೋ ಗೆಳೆಯರೋ ಇದ್ದವರಿಗೆ ಜನವರಿ, ಫೆಬ್ರವರಿಯಲ್ಲಿ ಒಂದು ವಿಚಿತ್ರ ಬಗೆಯ ಫೋಟೋ ಬರುವುದುಂಟು. ಎದೆಮಟ್ಟದ ರಬ್ಬರ್ ಉಡುಪು ತೊಟ್ಟ ಮನುಷ್ಯನೊಬ್ಬ ಕೊರೆಯುವ ಚಳಿಯಲ್ಲಿ ಸೊಂಟದವರೆಗೆ ನೀರಿನಲ್ಲಿ ನಿಂತಿರುತ್ತಾನೆ. ಎರಡೂ ಕೈಯಲ್ಲಿ ತೋಳುದ್ದದ ಬೆಳ್ಳಿಬಣ್ಣದ ಮೀನು. ಫೋಟೋ ತೆಗೆದ ಮರುಕ್ಷಣ ಅದನ್ನು ನೀರಿಗೆ ಬಿಟ್ಟೆ ಎಂದು ಕೆಳಗೆ ಬರೆದಿರುತ್ತಾನೆ.

ನೋಡಿದವರಿಗೆ ಮೂರು ಪ್ರಶ್ನೆ ಏಳುತ್ತವೆ. ಬೆಚ್ಚಗಿನ ದಿನಗಳಿರುವಾಗ ಈ ಚಳಿಯಲ್ಲೇ ಏಕೆ? ದೋಣಿ ಇದ್ದರೂ ನೀರಿಗೆ ಇಳಿಯುವುದೇಕೆ? ಅಷ್ಟು ಕಷ್ಟಪಟ್ಟು ಹಿಡಿದದ್ದನ್ನು ಬಿಡುವುದೇಕೆ? ಮೂರಕ್ಕೂ ಉತ್ತರ ಬಹುಮಟ್ಟಿಗೆ ಒಂದೇ ಕಡೆ ಇದೆ, ನೀರಿನ ತಾಪಮಾನದಲ್ಲಿ. ಆಳವಿಲ್ಲದ ನೀರು ಹೇಗೆ ತಣಿಯುತ್ತದೆ, ಹೇಗೆ ಕಾಯುತ್ತದೆ ಎಂಬುದು ತಿಳಿದರೆ ಉಳಿದದ್ದು ತಾನೇ ಅರ್ಥವಾಗುತ್ತ ಹೋಗುತ್ತದೆ.

ಇದು ಯಾವ ಮೀನು?

ಇದರ ಹೆಸರು ಸ್ಪಾಟೆಡ್ ಸೀಟ್ರೌಟ್. ಟೆಕ್ಸಸ್ ಮಂದಿ ಸ್ಪೆಕಲ್ಡ್ ಟ್ರೌಟ್ ಎನ್ನುತ್ತಾರೆ. ಬೆನ್ನಿನಿಂದ ಬಾಲದವರೆಗೆ ಕಪ್ಪು ಚುಕ್ಕೆಗಳು, ಮೇಲ್ದವಡೆಯ ಮುಂಭಾಗದಲ್ಲಿ ಕೋರೆಹಲ್ಲು. ಹಿಮಾಲಯದ ತೊರೆಗಳಲ್ಲಿ ಬ್ರಿಟಿಷರು ತಂದುಬಿಟ್ಟ ಟ್ರೌಟ್‌ಗೂ ಇದಕ್ಕೂ ಸಂಬಂಧವಿಲ್ಲ. ಇದು ಮಂಗಳೂರು ಕಡೆ ಕಲ್ಲೂರು ಎಂದು ಮಾರುವ ಮೀನಿನ ಬಳಗ; ಗುಜರಾತಿನವರು ರಾಜ್ಯಮೀನು ಎಂದು ಘೋಷಿಸಿರುವ ಘೋಲ್ ಕೂಡ ಇದೇ ಕುಟುಂಬದ್ದು. ಈ ಕುಟುಂಬದ ಮೀನುಗಳು ಹೊಟ್ಟೆಯೊಳಗಿನ ಗಾಳಿಚೀಲದ ಪಕ್ಕದ ಸ್ನಾಯುಗಳನ್ನು ಅದುರಿಸಿ ಸದ್ದು ಮಾಡಬಲ್ಲವು. ಸೀಟ್ರೌಟ್‌ನ ಗಂಡುಗಳು ಮೊಟ್ಟೆಯಿಡುವ ಕಾಲದಲ್ಲಿ ಸಂಜೆಯ ಹೊತ್ತು ಹೀಗೆ ಸದ್ದು ಮಾಡಿ ಹೆಣ್ಣುಗಳನ್ನು ಕರೆಯುತ್ತವೆ.

ಬಳಗ ಯಾವುದು ಎಂಬುದು ಇಲ್ಲಿ ಮುಖ್ಯ. ನಿಜವಾದ ಟ್ರೌಟ್‌ಗೆ ತಣ್ಣೀರೇ ಪ್ರಾಣ. ಈ ಮೀನು ಹಾಗಲ್ಲ, ಬೆಚ್ಚಗಿನ ನೀರಿನದು. ಮೆಕ್ಸಿಕೋ ಕೊಲ್ಲಿಯ ಉತ್ತರ ದಂಡೆಯಲ್ಲಿ ಚಳಿಗಾಲ ಬಂದರೆ ಇದಕ್ಕೆ ಕಷ್ಟಕಾಲ.

ಇನ್ನು ಗಾತ್ರ. ಗಂಡು ಮೀನು ಅಷ್ಟು ದೊಡ್ಡದಾಗುವುದಿಲ್ಲ. 25 ಇಂಚು, ಅಂದರೆ 63 ಸೆಂಟಿಮೀಟರ್ ದಾಟಿದ್ದು ಬಹುಪಾಲು ಹೆಣ್ಣೇ. ಗಾಳಗಾರರು ಟ್ರೋಫಿ ಎಂದು ಲೆಕ್ಕ ಹಿಡಿಯುವುದು ಸಾಮಾನ್ಯವಾಗಿ 30 ಇಂಚನ್ನು, ಅಂದರೆ 76 ಸೆಂಟಿಮೀಟರನ್ನು. ಅಂಥ ಮೀನು 4 ಕೆಜಿಯ ಆಸುಪಾಸು ತೂಗುತ್ತದೆ. ಹತ್ತು ವರ್ಷ ಬದುಕುವುದೇ ಅಪರೂಪವಾದ ಈ ಜಾತಿಯಲ್ಲಿ ಅಷ್ಟು ಬೆಳೆದ ಹೆಣ್ಣು ಹಲವು ಬೇಸಿಗೆಗಳಲ್ಲಿ ಮೊಟ್ಟೆಯಿಟ್ಟ ಹಿರಿಯಜ್ಜಿ ಎಂದೇ ತಿಳಿಯಬೇಕು.

ಟೆಕ್ಸಸ್‌ನ ದಾಖಲೆ ಬಡ್ ರೋಲಂಡ್ ಎಂಬವರದು. 2002ರ ಮೇ ತಿಂಗಳಲ್ಲಿ ಲಗೂನಾ ಮಾದ್ರೆ ಎಂಬ ಹಿನ್ನೀರಿನ ದಕ್ಷಿಣ ಭಾಗದಲ್ಲಿ ಅವರು ಹಿಡಿದ ಮೀನು 37.25 ಇಂಚು ಉದ್ದ, 15.6 ಪೌಂಡ್ ತೂಕವಿತ್ತು, ಅಂದರೆ ಸುಮಾರು 7 ಕೆಜಿ. ಅದನ್ನು ಅವರು ಜೀವಂತ ಬಿಟ್ಟರು. ಅದಕ್ಕೂ ಮುಂಚಿನ ದಾಖಲೆ 13.69 ಪೌಂಡ್, 1996ರ ಫೆಬ್ರವರಿಯಲ್ಲಿ ಬ್ಯಾಫಿನ್ ಬೇ ಎಂಬ ಕೊಲ್ಲಿಯಲ್ಲಿ ಸಿಕ್ಕಿದ್ದು. ವಿಶ್ವದಾಖಲೆ ಫ್ಲೋರಿಡಾದ ಫೋರ್ಟ್ ಪಿಯರ್ಸ್‌ನದು: 1995ರ ಮೇ, 17 ಪೌಂಡ್ 7 ಔನ್ಸ್.

ಇವುಗಳಲ್ಲಿ ಎರಡು ಮೇ ತಿಂಗಳವು ಎಂಬುದನ್ನು ಗಮನಿಸಬೇಕು. ದೊಡ್ಡ ಮೀನು ಚಳಿಯಲ್ಲಿ ಮಾತ್ರ ಸಿಗುತ್ತದೆ ಎಂಬ ಮಾತು ಉತ್ಪ್ರೇಕ್ಷೆ. ಅದನ್ನು ಎಲ್ಲಿ ಹುಡುಕಬೇಕು ಎಂದು ಊಹಿಸುವುದು ಚಳಿಯಲ್ಲಿ ಸುಲಭ, ಅಷ್ಟೆ.

ಮೊಣಕಾಲುದ್ದದ ಸಮುದ್ರ

ಟೆಕ್ಸಸ್‌ನ ದಕ್ಷಿಣ ಕರಾವಳಿಗೆ ಸಮಾನಾಂತರವಾಗಿ ಪಾದ್ರೆ ದ್ವೀಪ ಎಂಬ ಉದ್ದನೆಯ ಮರಳ ಪಟ್ಟಿ ಸುಮಾರು 180 ಕಿಲೋಮೀಟರ್ ಚಾಚಿಕೊಂಡಿದೆ. ಅದರ ಆಚೆ ತೆರೆಯ ಸಮುದ್ರ. ಈಚೆ, ದ್ವೀಪಕ್ಕೂ ನೆಲಕ್ಕೂ ನಡುವೆ ಸಿಕ್ಕಿಕೊಂಡಿರುವುದು ಲಗೂನಾ ಮಾದ್ರೆ ಎಂಬ ಹಿನ್ನೀರು. ಸರಾಸರಿ ಆಳ ಒಂದು ಮೀಟರಿನಷ್ಟು. ಹೇಳಿಕೊಳ್ಳುವಂಥ ನದಿ ಇದಕ್ಕೆ ಬಂದು ಸೇರುವುದಿಲ್ಲ, ಬಿಸಿಲು ಜೋರು, ಹೀಗಾಗಿ ನೀರು ಹಲವು ಸಲ ಸಮುದ್ರಕ್ಕಿಂತ ಉಪ್ಪಾಗಿರುತ್ತದೆ. ಮಳೆಗಾಲದಲ್ಲಿ ಸಿಹಿನೀರು ನುಗ್ಗುವ ಅಘನಾಶಿನಿ, ಶರಾವತಿಯ ಅಳಿವೆಗಳನ್ನು ಕಂಡವರಿಗೆ ಇದು ತಲೆಕೆಳಗಾದ ಲೋಕ.

ಕಾರ್ಪಸ್ ಕ್ರಿಸ್ಟಿ ನಗರದ ದಕ್ಷಿಣಕ್ಕೆ ಈ ಹಿನ್ನೀರಿನಿಂದ ಒಳನಾಡಿಗೆ ಕವಲೊಡೆಯುವ ಕೊಲ್ಲಿಯೇ ಬ್ಯಾಫಿನ್ ಬೇ. ದೊಡ್ಡ ಟ್ರೌಟ್‌ಗೆ ಅಮೆರಿಕದಲ್ಲೇ ಹೆಸರಾದ ಜಾಗ. ಸುತ್ತ ದೊಡ್ಡ ಊರುಗಳಿಲ್ಲ, ವಿಶಾಲವಾದ ದನಗಾವಲುಗಳಿವೆ. ನೀರಿನಡಿ ಅಲ್ಲಲ್ಲಿ ಬಂಡೆಗಳಿವೆ. ಇವು ಸಾವಿರಾರು ವರ್ಷಗಳ ಹಿಂದೆ ಸಮುದ್ರದ ಹುಳುಗಳು ಸುಣ್ಣದ ಕೊಳವೆ ಕಟ್ಟಿ ಕಟ್ಟಿ ಎಬ್ಬಿಸಿದ ದಿಬ್ಬಗಳು. ಅವುಗಳ ಸಂದುಗಳಲ್ಲಿ ಸಣ್ಣ ಮೀನುಗಳು, ಅವನ್ನು ತಿನ್ನಲು ದೊಡ್ಡವು. ದಾರಿ ಗೊತ್ತಿಲ್ಲದೆ ದೋಣಿ ಓಡಿಸಿದರೆ ಪ್ರೊಪೆಲ್ಲರ್ ಹೋಯಿತೆಂದೇ ಲೆಕ್ಕ.

ಇಲ್ಲಿ ಉಬ್ಬರ ಇಳಿತ ಇಲ್ಲವೆಂಬಷ್ಟು ಕಡಿಮೆ. ನೀರಿನ ಮಟ್ಟವನ್ನು ಹೆಚ್ಚಾಗಿ ನಿರ್ಧರಿಸುವುದು ಗಾಳಿ. ಅಗಲವಾದ ಪರಾತದಲ್ಲಿ ತೆಳ್ಳಗೆ ನೀರು ಹಾಕಿ ಒಂದು ಅಂಚಿನಿಂದ ಊದಿದರೆ ನೀರು ಎದುರಿನ ಅಂಚಿಗೆ ಹೋಗಿ ನಿಲ್ಲುತ್ತದಲ್ಲ, ಇಡೀ ಹಿನ್ನೀರಿನಲ್ಲಿ ನಡೆಯುವುದೂ ಅದೇ. ಉತ್ತರದ ಗಾಳಿ ಎರಡು ದಿನ ಬೀಸಿದರೆ ನಿನ್ನೆ ತೊಡೆಯುದ್ದವಿದ್ದ ಜಾಗ ಇಂದು ಪಾದ ಮುಳುಗುವಷ್ಟಾಗಿರುತ್ತದೆ.

ಉತ್ತರದ ಗಾಳಿ ಬಂದಾಗ ಏನಾಗುತ್ತದೆ?

ಕರ್ನಾಟಕದ ಕರಾವಳಿಯಲ್ಲಿ ಸಮುದ್ರದ ನೀರು 25 ಡಿಗ್ರಿಗಿಂತ ಕೆಳಗಿಳಿಯುವುದೇ ಅಪರೂಪ, ಆದ್ದರಿಂದ ಮೀನಿಗೆ ಚಳಿ ಎಂಬ ಕಲ್ಪನೆಯೇ ನಮಗಿಲ್ಲ. ಟೆಕ್ಸಸ್ ಹಾಗಲ್ಲ. ಕೆನಡಾದಿಂದ ಮೆಕ್ಸಿಕೋ ಕೊಲ್ಲಿಯವರೆಗೆ ನಡುವೆ ಗಾಳಿಯನ್ನು ತಡೆಯಲು ಅಡ್ಡಡ್ಡಲಾಗಿ ನಿಂತ ಬೆಟ್ಟಸಾಲು ಇಲ್ಲ. ಧ್ರುವದ ಕಡೆಯ ತಣ್ಣನೆಯ ಗಾಳಿ ಬಯಲಿನ ಮೇಲೆ ಉರುಳಿಕೊಂಡು ನೇರ ಕರಾವಳಿಗೆ ಬಂದುಬಿಡುತ್ತದೆ. ಇದನ್ನು ಅಲ್ಲಿನವರು ನಾರ್ದರ್ ಎನ್ನುತ್ತಾರೆ. ಬೆಳಿಗ್ಗೆ ಅಂಗಿಯಲ್ಲಿ ಓಡಾಡಿದವರು ಮಧ್ಯಾಹ್ನ ಜಾಕೆಟ್ ಹುಡುಕುತ್ತಾರೆ. ಕೆಲವೇ ಗಂಟೆಗಳಲ್ಲಿ ಹತ್ತು ಡಿಗ್ರಿ ಇಳಿದರೂ ಯಾರೂ ಅಚ್ಚರಿಪಡುವುದಿಲ್ಲ. ಚಳಿಗಾಲವಿಡೀ ಇಂಥ ಅಲೆಗಳು ಒಂದರ ಹಿಂದೆ ಒಂದು ಬರುತ್ತಿರುತ್ತವೆ.

ಈ ಆವರ್ತನೆಯೇ ಗಾಳಗಾರನ ಪಂಚಾಂಗ.

ಮೊದಲು ದಕ್ಷಿಣದ ಬೆಚ್ಚನೆಯ, ತೇವದ ಗಾಳಿ ಬೀಸುತ್ತದೆ, ಮೋಡ ಕವಿಯುತ್ತದೆ, ವಾಯುಭಾರ ಇಳಿಯುತ್ತದೆ. ಆಗ ಮೀನು ಚೆನ್ನಾಗಿ ಮೇಯುತ್ತದೆ ಎಂಬುದು ಗಾಳಗಾರರ ಅನುಭವ. ನಂತರ ನಾರ್ದರ್ ಅಪ್ಪಳಿಸುತ್ತದೆ. ನೀರು ಹಿಂದೆ ಸರಿಯುತ್ತದೆ, ತಣ್ಣಗಾಗುತ್ತದೆ. ಆಳವಾದ ನೀರಿಗೆ ತಣಿಯಲು ದಿನಗಟ್ಟಲೆ ಬೇಕು. ಮೊಣಕಾಲುದ್ದದ ನೀರಿಗೆ ಒಂದು ರಾತ್ರಿ ಸಾಕು. ಆದ್ದರಿಂದ ಟ್ರೌಟ್‌ಗಳು ದಿಬ್ಬಗಳ ಮೇಲಿಂದ ಇಳಿದು ಆಳದ ಹಳ್ಳಗಳಿಗೆ, ಕಾಲುವೆಗಳಿಗೆ ಸೇರಿಕೊಳ್ಳುತ್ತವೆ. ಹಿನ್ನೀರಿನ ಉದ್ದಕ್ಕೂ ಹಡಗುಗಳಿಗಾಗಿ ತೋಡಿ 1949ರಲ್ಲಿ ಮುಗಿಸಿದ ಸುಮಾರು ಮೂರೂವರೆ ಮೀಟರ್ ಆಳದ ಕಾಲುವೆ ಒಂದಿದೆ. ಸರಕು ದೋಣಿಗಳಿಗೆಂದು ತೋಡಿದ ಅದು ಈಗ ಮೀನುಗಳ ಚಳಿಗಾಲದ ಬಿಡಾರವೂ ಆಗಿದೆ.

ಮೂರನೆಯ ಹಂತವೇ ಎಲ್ಲರೂ ಕಾಯುವುದು. ಎರಡು ಮೂರು ದಿನದಲ್ಲಿ ಗಾಳಿ ತಗ್ಗುತ್ತದೆ, ಆಕಾಶ ತಿಳಿಯಾಗುತ್ತದೆ, ಬಿಸಿಲು ಬೀಳುತ್ತದೆ. ತಣ್ಣಗಾದಷ್ಟೇ ಬೇಗ ಆಳವಿಲ್ಲದ ನೀರು ಕಾಯುತ್ತದೆ. ಅದರಲ್ಲೂ ತಳ ಕಪ್ಪು ಕೆಸರಾಗಿದ್ದರೆ ಬಿಳಿ ಮರಳಿಗಿಂತ ಹೆಚ್ಚು ಬಿಸಿಲನ್ನು ಹೀರುತ್ತದೆ. ಮಧ್ಯಾಹ್ನದ ಹೊತ್ತಿಗೆ ಅಂಥ ಕೆಸರಿನ ಮೇಲಿನ ನೀರು ಪಕ್ಕದ ಆಳಕ್ಕಿಂತ ಒಂದೆರಡು ಡಿಗ್ರಿ ಬೆಚ್ಚಗಾಗಿರುತ್ತದೆ. ನಮಗೆ ಅದು ಗೊತ್ತೂ ಆಗುವುದಿಲ್ಲ. ತನ್ನದೇ ಮೈಬಿಸಿ ಇಲ್ಲದ, ಸುತ್ತಲ ನೀರಿನ ಶಾಖದಲ್ಲೇ ಜೀರ್ಣಕ್ರಿಯೆ ನಡೆಸಬೇಕಾದ ಪ್ರಾಣಿಗೆ ಅದು ದೊಡ್ಡ ವ್ಯತ್ಯಾಸ. ಸಣ್ಣ ಮೀನುಗಳು ಮೊದಲು ಮೇಲೇರುತ್ತವೆ, ಹಿಂದೆಯೇ ಅಜ್ಜಿ ಟ್ರೌಟ್‌ಗಳು.

ಹೀಗಾಗಿ ಹುಡುಕಬೇಕಾದ ಜಾಗ ತಾನಾಗಿಯೇ ಕಿರಿದಾಗುತ್ತದೆ: ಕಪ್ಪು ಕೆಸರು ಇರಬೇಕು, ಅಲ್ಲಲ್ಲಿ ಹುಲ್ಲೋ ಬಂಡೆಯೋ ಇರಬೇಕು, ಹತ್ತಿರದಲ್ಲೇ ಓಡಿಹೋಗಲು ಆಳವಿರಬೇಕು. ಬೇಸಿಗೆಯಲ್ಲಿ ಗಾಳಗಾರ ನಸುಕಿನಲ್ಲೇ ಏಳುತ್ತಾನೆ. ಫೆಬ್ರವರಿಯಲ್ಲಿ ಊಟ ಮುಗಿಸಿ ಹೊರಟರೂ ನಷ್ಟವಿಲ್ಲ.

ಒಂದೇ ದೊಡ್ಡ ತುತ್ತು

ಎಳೆಯ ಟ್ರೌಟ್ ಸಿಗಡಿ ತಿಂದು ಬೆಳೆಯುತ್ತದೆ. ದೊಡ್ಡದಾದಂತೆ ಮೀನಿನ ಕಡೆ ವಾಲುತ್ತದೆ, ಅದರಲ್ಲೂ ಮುಲೆಟ್ ಕಡೆಗೆ. ಈ ಬೂದು ಮುಲೆಟ್ ನಮ್ಮ ಕರಾವಳಿಯ ಹಿನ್ನೀರುಗಳಲ್ಲೂ ಇರುವ ಅದೇ ಜಾತಿ, ಫಕ್ಕನೆ ನೀರಿನಿಂದ ಮೇಲಕ್ಕೆ ಹಾರುವ ಮೀನು. ತಣ್ಣೀರಿನಲ್ಲಿ ಟ್ರೌಟ್‌ನ ಜೀರ್ಣಕ್ರಿಯೆ ನಿಧಾನವಾಗುತ್ತದೆ, ಹಸಿವೂ ತಗ್ಗುತ್ತದೆ. ಸಿಗಡಿಯ ಹಿಂದೆ ದಿನವಿಡೀ ಓಡಾಡಿ ಶಕ್ತಿ ಕಳೆಯುವುದಕ್ಕಿಂತ ಗೇಣುದ್ದದ ಒಂದು ಮುಲೆಟ್ ನುಂಗಿ ಸುಮ್ಮನಿರುವುದು ಲಾಭ. ಏಪ್ರಿಲ್ ಹೊತ್ತಿಗೆ ಮೊಟ್ಟೆಯಿಡುವ ಕಾಲ ಶುರುವಾಗುವುದರಿಂದ ಚಳಿಗಾಲದ ಕೊನೆಗೆ ಹೆಣ್ಣುಗಳ ಮೈ ತುಂಬಿಕೊಂಡಿರುತ್ತದೆ. ಜನವರಿ ಕೊನೆಯಿಂದ ಮಾರ್ಚ್‌ವರೆಗಿನ ವಾರಗಳಿಗೆ ಗಾಳಗಾರರು ಮುಗಿಬೀಳುವುದಕ್ಕೆ ಅದೂ ಒಂದು ಕಾರಣ.

ಎಲ್ಲಿ ಮುಲೆಟ್ ಇಲ್ಲವೋ ಅಲ್ಲಿ ನಿಲ್ಲಬೇಡ ಎಂಬುದು ಇಲ್ಲಿಯ ಮೊದಲ ಪಾಠ. ಚಳಿಯಲ್ಲಿ ಅವು ಹೆಚ್ಚು ಹಾರುವುದಿಲ್ಲ. ನೀರಿನ ಮೇಲೆ ಸಣ್ಣದೊಂದು ಮಿಸುಕಾಟ, ತಿರುಗಿದ ಗುರುತು, ಇಷ್ಟೇ ಸುಳಿವು. ಇನ್ನೊಂದು ಸುಳಿವು ಕೇಳಿದರೆ ನಂಬುವುದು ಕಷ್ಟ. ಟ್ರೌಟ್ ಕೊಬ್ಬಿನ ಮೀನನ್ನು ತಿನ್ನುವಾಗ ಎಣ್ಣೆಯಂಶ ಮೇಲೆ ಬಂದು ಕೈಯಗಲದ ನುಣುಪಾದ ತೇಪೆಯಾಗಿ ಹರಡುತ್ತದೆ. ಹಳಬರು ಅದಕ್ಕೆ ಕಲ್ಲಂಗಡಿ ಹಣ್ಣಿನ ವಾಸನೆ ಇರುತ್ತದೆ ಎನ್ನುತ್ತಾರೆ, ಗಾಳಿಗೆ ಮೂಗೊಡ್ಡಿ ಹುಡುಕುತ್ತಾರೆ.

ಗಾಳಕ್ಕೆ ಕಟ್ಟುವುದು ಹೆಚ್ಚಾಗಿ ನಕಲಿ ಎರೆ. ಹೂಸ್ಟನ್‌ನ ಪಾಲ್ ಬ್ರೌನ್ ಎಂಬವರು ತಯಾರಿಸಿದ ಕಾರ್ಕಿ ಎಂಬ ಎರೆ ಚಳಿಗಾಲದ ಟ್ರೌಟ್‌ಗೆಂದೇ ಹೆಸರಾಯಿತು. ಮೆತ್ತನೆಯ ಮೈ, ಒಳಗೆ ಬಗ್ಗಿಸಬಹುದಾದ ತಂತಿ. ತಂತಿಯನ್ನು ಕೊಂಚ ಬಾಗಿಸಿದರೆ ಅದು ನೀರಿನಲ್ಲಿ ಎಷ್ಟು ಬೇಗ ಮುಳುಗಬೇಕು, ಹೇಗೆ ಓಲಾಡಬೇಕು ಎಂಬುದು ಬದಲಾಗುತ್ತದೆ. ಅದರ ವಿಶೇಷವೇ ನಿಧಾನ. ಚಳಿ ಹಿಡಿದ ಮೀನು ಅಟ್ಟಿಸಿಕೊಂಡು ಬರುವುದಿಲ್ಲ, ಎರೆಯೇ ಅದರ ಮೂಗಿನ ಮುಂದೆ ಸಾಯುತ್ತಿರುವ ಮುಲೆಟ್‌ನಂತೆ ತೂಗಾಡಬೇಕು. ದಾರ ಸುತ್ತುವುದು, ನಿಲ್ಲಿಸುವುದು, ಮತ್ತೆ ನಿಲ್ಲಿಸುವುದು. ಹೊಸಬರು ಸೋಲುವುದು ಇಲ್ಲೇ, ಕೈ ಸುಮ್ಮನಿರುವುದಿಲ್ಲ.

ಕಚ್ಚಿದ್ದು ಕೂಡ ಜೋರಾಗಿ ತಿಳಿಯುವುದಿಲ್ಲ. ದಾರದಲ್ಲಿ ಒಂದು ಸಣ್ಣ ತಟ್ಟು, ಅಥವಾ ಏನೋ ಭಾರವಾದಂತೆ. ಈ ಮೀನಿನ ಬಾಯಿಯ ಚರ್ಮ ತೆಳುವಾದ್ದರಿಂದ ಜಗ್ಗಿ ಎಳೆದರೆ ಕೊಕ್ಕೆ ಹರಿದುಕೊಂಡು ಬಂದುಬಿಡುತ್ತದೆ. ಕೋಲು, ದಾರದ ವಿಚಾರದಲ್ಲಿ ದೊಡ್ಡ ರಹಸ್ಯವೇನೂ ಇಲ್ಲ: ಆರೂವರೆ, ಏಳು ಅಡಿಯ ಹಗುರ ಕೋಲು, ತೆಳು ದಾರ, ಒತ್ತಡ ಬಂದಾಗ ಸಲೀಸಾಗಿ ಬಿಟ್ಟುಕೊಡುವ ರೀಲ್.

ದೋಣಿ ಇದ್ದೂ ನಡೆಯುವುದೇಕೆ?

ದೋಣಿ ಬೇಕೇ ಬೇಕು, ಆದರೆ ಜಾಗ ಮುಟ್ಟುವುದಕ್ಕೆ ಮಾತ್ರ. ನೀರಿನಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ಸಾಗುತ್ತದೆ. ದೋಣಿಯ ಹೊಟ್ಟೆಗೆ ಅಲೆ ಬಡಿಯುವುದು, ಪೆಟ್ಟಿಗೆಯ ಮುಚ್ಚಳ ಬಿದ್ದದ್ದು, ಎಲ್ಲವೂ ಕೆಳಗಿರುವವರಿಗೆ ಕೇಳುತ್ತದೆ. ಅಷ್ಟಕ್ಕೂ ಮೀನಿನ ಮೈಪಕ್ಕದಲ್ಲಿ ತಲೆಯಿಂದ ಬಾಲದವರೆಗೆ ನೀರಿನ ಕಂಪನ ಗ್ರಹಿಸುವ ಗೆರೆಯೇ ಇದೆ. ಏಳೆಂಟು ವರ್ಷ ಬದುಕಿ ಉಳಿದ ಹೆಣ್ಣು ಇಂಥ ಸದ್ದಿಗೆ ಹೆದರದೆ ಇದ್ದಿದ್ದರೆ ಅಷ್ಟು ವರ್ಷ ಬದುಕುತ್ತಲೇ ಇರಲಿಲ್ಲ.

ಆದ್ದರಿಂದ ದೂರದಲ್ಲೇ ಎಂಜಿನ್ ನಿಲ್ಲಿಸಿ, ಲಂಗರು ಇಳಿಸಿ, ಮೆಲ್ಲಗೆ ನೀರಿಗೆ ಜಾರುತ್ತಾರೆ. ಅಲ್ಲಿಂದ ನೂರಿನ್ನೂರು ಮೀಟರ್ ದಾಟಲು ಒಂದೆರಡು ಗಂಟೆ. ಗಾಳಿ ದೋಣಿಯನ್ನು ತಳ್ಳಿಕೊಂಡು ಹೋಗುತ್ತದೆ, ನಿಂತ ಮನುಷ್ಯನನ್ನು ತಳ್ಳುವುದಿಲ್ಲ. ಒಂದೇ ಬಂಡೆಯ ಸುತ್ತ ಹತ್ತು ದಿಕ್ಕಿನಿಂದ ಎರೆ ಎಸೆಯಬಹುದು.

ಪಾದವೂ ಇಲ್ಲಿ ಒಂದು ಉಪಕರಣ. ಕಲಕಿದ ನೀರಿನಲ್ಲಿ ತಳ ಕಾಣುವುದಿಲ್ಲ, ಆದರೆ ಬೂಟಿನಡಿಯಲ್ಲಿ ಮರಳು ಮುಗಿದು ಕೆಸರು ಶುರುವಾದದ್ದು, ಚಿಪ್ಪು ಕರಕರ ಎಂದದ್ದು, ಹುಲ್ಲು ತೊಡರಿದ್ದು, ನೆಲ ಇಳಿಜಾರಾದದ್ದು ಗೊತ್ತಾಗುತ್ತದೆ. ಮೀನು ಕಚ್ಚುವುದು ಬಹಳ ಸಲ ಇಂಥ ಗಡಿಗಳಲ್ಲೇ. ಇನ್ನೊಂದು ಲಾಭವನ್ನು ಯಾರೂ ಹೆಚ್ಚು ಹೇಳುವುದಿಲ್ಲ. ಪ್ರೊಪೆಲ್ಲರ್ ಉತ್ತ ಕಡಲಹುಲ್ಲು ಮತ್ತೆ ಚಿಗುರಲು ವರ್ಷಗಳೇ ಬೇಕು. 2013ರಿಂದ ಟೆಕ್ಸಸ್‌ನ ಕರಾವಳಿಯುದ್ದಕ್ಕೂ ಪ್ರೊಪೆಲ್ಲರ್‌ನಿಂದ ಅದನ್ನು ಬೇರುಸಹಿತ ಕೀಳುವುದು ಅಪರಾಧ. ನಡೆಯುವವನಿಗೆ ಆ ಭಯವಿಲ್ಲ.

ಮೈ ಜೋಪಾನ

ಒಂದೇ ತಾಪಮಾನದ ಗಾಳಿಗಿಂತ ನೀರು ಸುಮಾರು 25 ಪಟ್ಟು ವೇಗವಾಗಿ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. 12 ಡಿಗ್ರಿ ನೀರಿನಲ್ಲಿ ಬರಿಮೈಯಲ್ಲಿ ನಿಂತರೆ ಮೊದಲು ಬೆರಳು ಮರಗಟ್ಟುತ್ತವೆ, ಆಮೇಲೆ ಬುದ್ಧಿಯೂ ಮಂಕಾಗುತ್ತದೆ. ವೇಡರ್ ಎಂಬ ನೀರು ನುಸುಳದ ಉಡುಪು ಪಾದದಿಂದ ಎದೆಯವರೆಗೆ ಮುಚ್ಚುತ್ತದೆ. ದಪ್ಪ ನಿಯೋಪ್ರೀನ್‌ನದು ತಾನೇ ಬೆಚ್ಚಗಿಡುತ್ತದೆ, ತೆಳು ಬಟ್ಟೆಯದಾದರೆ ಒಳಗೆ ಉಣ್ಣೆ ಅಥವಾ ಫ್ಲೀಸ್ ಬೇಕು. ಹತ್ತಿಬಟ್ಟೆ ಮಾತ್ರ ಬೇಡ, ಬೆವರಿಗೆ ಒದ್ದೆಯಾದರೆ ಅದೇ ಚಳಿ ಹಿಡಿಸುತ್ತದೆ.

ವೇಡರ್ ಮೇಲೆ ಸೊಂಟಕ್ಕೆ ಬಿಗಿಯಾದ ಬೆಲ್ಟ್ ಕಟ್ಟದೆ ನೀರಿಗಿಳಿಯಬಾರದು. ಕಾಲು ಜಾರಿ ಬಿದ್ದರೆ ಒಳಗೆ ನೀರು ತುಂಬುವುದನ್ನು ತಡೆಯುವುದು ಆ ಬೆಲ್ಟ್. ತೇಲುವ ಜಾಕೆಟ್ ಇರಲಿ, ಜೊತೆಗೊಬ್ಬರು ಇರಲಿ. ಬ್ಯಾಫಿನ್‌ನಂಥ ಕಡೆ ಕೆಲವೆಡೆ ಕೆಸರು ಮೊಣಕಾಲಿನವರೆಗೆ ಎಳೆದುಕೊಳ್ಳುತ್ತದೆ. ದಕ್ಷಿಣದ ಬೆಚ್ಚನೆಯ ಗಾಳಿ ತಣ್ಣೀರಿನ ಮೇಲೆ ಬಂದಾಗ ಕವಿಯುವ ಮಂಜಿನಲ್ಲಿ ದೋಣಿ ಎಲ್ಲಿದೆ ಎಂಬುದೇ ತಿಳಿಯುವುದಿಲ್ಲ.

ತೊರಕೆ (ಸ್ಟಿಂಗ್‌ರೇ) ಮೀನಿನ ಮುಳ್ಳಿನ ಭಯ ಚಳಿಯಲ್ಲಿ ಕಡಿಮೆ, ಅವೂ ಆಳಕ್ಕೆ ಹೋಗಿರುತ್ತವೆ. ಆದರೆ ಬಿಸಿಲು ಟ್ರೌಟ್‌ಗಳನ್ನು ಕೆಸರಿಗೆ ಕರೆದಂತೆ ತೊರಕೆಗಳನ್ನೂ ಕರೆಯುತ್ತದೆ. ಹೆಜ್ಜೆ ಎತ್ತಿಡದೆ ಪಾದ ಎಳೆದುಕೊಂಡು ನಡೆದರೆ ತೊರಕೆ ತುಳಿತಕ್ಕೆ ಸಿಗದೆ ಸರಿದುಹೋಗುತ್ತದೆ.

ಚಳಿ ಮಿತಿಮೀರಿದರೆ

ನೀರು 7 ಡಿಗ್ರಿಗೆ ಇಳಿದು ಅಲ್ಲೇ ನಿಂತರೆ ಟ್ರೌಟ್ ಸಾಯತೊಡಗುತ್ತದೆ. ಸಣ್ಣ ನಾರ್ದರ್ ಮೀನನ್ನು ಒಂದೆಡೆ ಕೂಡಿಸಿದರೆ, ದೊಡ್ಡದು ಅದೇ ಜಾಗದಲ್ಲಿ ಕೊಲ್ಲುತ್ತದೆ. ಟೆಕ್ಸಸ್ ಇದನ್ನು ಮತ್ತೆ ಮತ್ತೆ ಕಂಡಿದೆ. 1983ರ ಡಿಸೆಂಬರ್‌ನ ಹೆಪ್ಪುಗಟ್ಟುವ ಚಳಿಯಲ್ಲಿ ಕರಾವಳಿಯುದ್ದಕ್ಕೂ ಸತ್ತ ಎಲ್ಲ ಜಾತಿಯ ಮೀನುಗಳ ಅಂದಾಜು 1.44 ಕೋಟಿ. 1989 ಒಂದೇ ವರ್ಷದಲ್ಲಿ ಎರಡು ಪೆಟ್ಟು: ಫೆಬ್ರವರಿಯಲ್ಲಿ 1.13 ಕೋಟಿ, ಡಿಸೆಂಬರ್‌ನಲ್ಲಿ 62 ಲಕ್ಷ. 2021ರ ಫೆಬ್ರವರಿಯಲ್ಲಿ ರಾಜ್ಯದ ವಿದ್ಯುತ್ ಜಾಲವನ್ನೇ ಕೆಡವಿದ ಚಳಿಗಾಳಿಯಲ್ಲಿ ಕನಿಷ್ಠ 38 ಲಕ್ಷ. ಅದರಲ್ಲಿ ಟ್ರೌಟ್‌ಗಳೇ ಸುಮಾರು 1.6 ಲಕ್ಷ, ಹೆಚ್ಚಿನವು ಲಗೂನಾ ಮಾದ್ರೆಯವು.

ಮೀನಿನ ಸಂಖ್ಯೆ ಬೇಗ ಚೇತರಿಸಿಕೊಳ್ಳುತ್ತದೆ. ಟ್ರೌಟ್ ಒಂದೆರಡು ವರ್ಷಕ್ಕೇ ಪ್ರಾಯಕ್ಕೆ ಬರುತ್ತದೆ, ಒಂದು ಬೇಸಿಗೆಯಲ್ಲಿ ಹಲವು ಸಲ ಮೊಟ್ಟೆಯಿಡುತ್ತದೆ. ಆದರೆ 30 ಇಂಚಿನದು ಬೇಕೆಂದರೆ ಅಷ್ಟೂ ವರ್ಷ ಕಾಯದೆ ಬೇರೆ ದಾರಿಯಿಲ್ಲ. ದೊಡ್ಡ ಹೆಣ್ಣು ಸಣ್ಣದಕ್ಕಿಂತ ಎಷ್ಟೋ ಹೆಚ್ಚು ಮೊಟ್ಟೆ ಇಡುತ್ತದೆ ಎಂಬುದನ್ನೂ ಸೇರಿಸಿದರೆ, ಬಿಟ್ಟುಬಿಡುವ ರೂಢಿ ಏಕೆ ಬಲವಾಯಿತು ಎಂಬುದು ತಿಳಿಯುತ್ತದೆ. ಕಾವೇರಿಯ ಭೀಮೇಶ್ವರಿಯಲ್ಲಿ ಹಿಂದೆ ಮಹಸೀರ್‌ಗೆ ಗಾಳ ಹಾಕುತ್ತಿದ್ದವರೂ ಹಿಡಿದು ಬಿಡುವ ಈ ಪದ್ಧತಿಯನ್ನೇ ಅನುಸರಿಸುತ್ತಿದ್ದರು.

ಬಿಡುವುದಕ್ಕೂ ಕ್ರಮವಿದೆ. ಕೈ ಒದ್ದೆ ಮಾಡಿಕೊಂಡೇ ಮುಟ್ಟಬೇಕು, ಇಲ್ಲವಾದರೆ ಮೀನಿನ ಮೈಮೇಲಿನ ಲೋಳೆ ಕಿತ್ತುಬಂದು ಸೋಂಕಿಗೆ ದಾರಿಯಾಗುತ್ತದೆ. ದವಡೆಯೊಂದರಿಂದ ನೇತುಹಾಕದೆ ಹೊಟ್ಟೆಯಡಿ ಇನ್ನೊಂದು ಕೈ ಕೊಟ್ಟು ಅಡ್ಡಲಾಗಿ ಹಿಡಿಯಬೇಕು. ಅಳತೆ, ಫೋಟೋ ಎಲ್ಲ ಉಸಿರು ಹಿಡಿದುಕೊಂಡಷ್ಟು ಹೊತ್ತಿನಲ್ಲಿ ಮುಗಿಯಬೇಕು. ತಣ್ಣೀರಿನಲ್ಲಿ ಆಮ್ಲಜನಕ ಹೆಚ್ಚಿರುವುದರಿಂದ ಸರಿಯಾಗಿ ಬಿಟ್ಟ ಮೀನು ಬದುಕುವ ಸಾಧ್ಯತೆ ಬೇಸಿಗೆಗಿಂತ ಚೆನ್ನಾಗಿರುತ್ತದೆ.

ಕಾನೂನೂ ಅದೇ ದಿಕ್ಕಿಗೆ ಬಂದಿದೆ. 2019ರಲ್ಲಿ ಇಡೀ ಕರಾವಳಿಗೆ ದಿನಕ್ಕೆ 5 ಟ್ರೌಟ್ ಎಂಬ ಮಿತಿ ಬಂತು. 2021ರ ಸಾವಿನ ನಂತರ ಲಗೂನಾ ಮಾದ್ರೆಯಲ್ಲಿ ತುರ್ತಾಗಿ ಅದನ್ನು 3ಕ್ಕೆ ಇಳಿಸಿದರು. 2024ರಿಂದ ಇಡೀ ರಾಜ್ಯಕ್ಕೆ ದಿನಕ್ಕೆ 3, ಅದೂ 15ರಿಂದ 20 ಇಂಚಿನೊಳಗಿನವು ಮಾತ್ರ. ಬಹಳ ದೊಡ್ಡದೊಂದನ್ನು ಇಟ್ಟುಕೊಳ್ಳಲೇಬೇಕೆಂದರೆ ವಿಶೇಷ ಟ್ಯಾಗ್ ಬೇಕು. ವಿಪರೀತ ಚಳಿಯ ದಿನಗಳಲ್ಲಿ ಮೀನುಗಳು ಕಿಕ್ಕಿರಿದು ಸೇರಿರುವ ಆಳದ ಜಾಗಗಳಲ್ಲಿ ಗಾಳವನ್ನೇ ತಾತ್ಕಾಲಿಕವಾಗಿ ನಿಷೇಧಿಸುವುದೂ ಉಂಟು. 2024ರ ಜನವರಿಯಲ್ಲಿ ಹಾಗೆ ಮಾಡಿದ್ದರು.

ಹೂಸ್ಟನ್ನಿನ ಕನ್ನಡಿಗರಿಗೆ ಗ್ಯಾಲ್ವೆಸ್ಟನ್ ಕೊಲ್ಲಿ ಒಂದು ಗಂಟೆಯ ದಾರಿ. ಅಲ್ಲೂ ಇದೇ ಮೀನು, ಇದೇ ನಿಯಮ. 17 ವರ್ಷ ತುಂಬಿದವರಿಗೆ ಲೈಸೆನ್ಸ್ ಬೇಕು, ಅದರಲ್ಲಿ ಉಪ್ಪುನೀರಿನ ಅನುಮತಿಯೂ ಸೇರಿರಬೇಕು. ಊರಿಂದ ಬಂದ ಅಪ್ಪನೋ ಭಾವನೋ ಒಂದು ದಿನಕ್ಕೆ ಗಾಳ ಹಿಡಿಯುತ್ತಾರೆಂದರೂ ಇದು ತಪ್ಪದು. ಅಂಥವರಿಗೆಂದೇ ಒಂದು ದಿನದ ಲೈಸೆನ್ಸ್ ಸಿಗುತ್ತದೆ. ವಾರ್ಷಿಕ ಲೈಸೆನ್ಸ್ ಸಾಮಾನ್ಯವಾಗಿ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಹೊಸ ನಿಯಮಗಳೂ ಹೆಚ್ಚಾಗಿ ಸೆಪ್ಟೆಂಬರ್ 1ರಿಂದಲೇ ಜಾರಿಯಾಗುವುದರಿಂದ, ಕಳೆದ ಚಳಿಗಾಲದ ಅಳತೆಯನ್ನು ನಂಬಿ ಈ ಚಳಿಗಾಲದಲ್ಲಿ ನೀರಿಗೆ ಇಳಿಯಬಾರದು.